ಇಗರ್ಜಿಯ ದಫ್ತರವೂ ಸರ್ಕಾರದ ಮೊಹರೂ

ಮದುವೆಯ ಬಲಿಪೂಜೆ ಮುಗಿಯುತ್ತಿದ್ದಂತೆ ಹೊರಗೆ ಬ್ಯಾಂಡಿನವರು ಸಜ್ಜಾಗುತ್ತಾರೆ, ಛಾಯಾಗ್ರಾಹಕನು ವಧೂವರರನ್ನು ಮೆಟ್ಟಿಲ ಬಳಿಗೆ ಕರೆಯುತ್ತಾನೆ, ನೆಂಟರಿಷ್ಟರ ಮನಸ್ಸು ಆಗಲೇ ಊಟದ ಸಭಾಂಗಣದತ್ತ ಹೊರಳಿರುತ್ತದೆ. ಆ ಗದ್ದಲದ ನಡುವೆ ಗುರುಗಳು ಪೀಠದ ಬದಿಯಲ್ಲಿ ದೊಡ್ಡದೊಂದು ಪುಸ್ತಕವನ್ನು ತೆರೆದಿಟ್ಟು, ‘ಇಲ್ಲಿ ಸಹಿ ಮಾಡಿ’ ಎನ್ನುತ್ತಾರೆ. ವರ, ವಧು, ಇಬ್ಬರು ಸಾಕ್ಷಿಗಳು ಮತ್ತು ಗುರುಗಳು. ಐದು ಸಹಿಗಳಿಗೆ ಎರಡು ನಿಮಿಷ ಸಾಕು. ಬರೆದಿರುವುದನ್ನು ಓದಿ ನೋಡಿ ಸಹಿ ಮಾಡುವವರು ಮಾತ್ರ ತೀರ ವಿರಳ.

ಹಾಗೆ ಓದದೆ ಸಹಿ ಮಾಡಿದ ಪರಿಚಿತ ಕುಟುಂಬವೊಂದರ ಸಂಗತಿ ಇಲ್ಲಿ ಹೇಳತಕ್ಕದ್ದು. ಹುಡುಗ ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗಸ್ಥ. ಕೆಲವೇ ವಾರಗಳ ರಜೆಯಲ್ಲಿ ಬಂದು ಮದುವೆಯಾಗಿ ಹಿಂತಿರುಗಿದ. ಹುಡುಗಿಗೆ ಜ್ಞಾನಸ್ನಾನದಲ್ಲಿ ಇಟ್ಟ ಹೆಸರೊಂದು, ಶಾಲೆಯಲ್ಲಿ ಬರೆಸಿದ್ದು ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಶಾಲೆಯ ಹೆಸರಿನ ಜೊತೆಗೆ ತಂದೆಯ ಹೆಸರು. ಇಗರ್ಜಿಯ ದಫ್ತರದಲ್ಲಿ ಸಹಜವಾಗಿಯೇ ಜ್ಞಾನಸ್ನಾನದ ಹೆಸರು ದಾಖಲಾಗಿತ್ತು. ವೀಸಾ ಅರ್ಜಿ ಹಿಂದಕ್ಕೆ ಬಂದಿತು. ಪ್ರಮಾಣಪತ್ರ, ವಕೀಲರು, ಪತ್ರಿಕಾ ಪ್ರಕಟಣೆ ಎಂದು ಮನೆಯವರು ತಿಂಗಳುಗಟ್ಟಲೆ ಅಲೆದರು. ಕೊನೆಗೆ ಆಕೆ ಗಂಡನನ್ನು ಸೇರಿದಾಗ ಕಂಕುಳಲ್ಲಿ ಮಗುವಿತ್ತು. ತಂದೆ ಆ ಮಗುವನ್ನು ಮೊದಲ ಬಾರಿಗೆ ಕಂಡಿದ್ದು ವಿಮಾನ ನಿಲ್ದಾಣದಲ್ಲಿ.

‘ಫಾದರ್, ಇಗರ್ಜಿಯಲ್ಲಿ ಮದುವೆಯಾಗಿದೆಯಲ್ಲ, ಇನ್ನು ರಿಜಿಸ್ಟ್ರಾರ್ ಕಚೇರಿಗೂ ಹೋಗಬೇಕೇ?’ ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಇದಕ್ಕೆ ಉತ್ತರ ಸುಮಾರು ಒಂದೂವರೆ ಶತಮಾನದಷ್ಟು ಹಳೆಯದು. ಕೊಡಗು ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1872ರ ಜುಲೈ 18ರಂದು ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಜಾರಿಗೆ ಬಂದಿತು. ವಧೂವರರಲ್ಲಿ ಇಬ್ಬರೂ ಅಥವಾ ಒಬ್ಬರು ಕ್ರೈಸ್ತರಾಗಿದ್ದರೆ ಅವರ ಮದುವೆಯನ್ನು ಯಾರು ನೆರವೇರಿಸಬಹುದು ಎಂಬುದನ್ನು ಅದರ 5ನೆಯ ವಿಧಿ ಹೇಳುತ್ತದೆ; ಧರ್ಮಾಧ್ಯಕ್ಷರಿಂದ ಗುರುದೀಕ್ಷೆ ಪಡೆದವರು ಆ ಪಟ್ಟಿಯಲ್ಲಿ ಮೊದಲಿಗರು. ಅಂದರೆ ನಮ್ಮ ಗುರುಗಳು ಪೀಠದ ಮುಂದೆ ನಿಂತಾಗ ಧರ್ಮಸಭೆಯ ಪ್ರತಿನಿಧಿಗಳಾಗಿರುವಂತೆಯೇ ನೆಲದ ಕಾನೂನಿನಿಂದಲೂ ಅಧಿಕಾರ ಹೊಂದಿದವರಾಗಿರುತ್ತಾರೆ. ಅದೇ ಕಾಯ್ದೆಯ 30ನೆಯ ವಿಧಿಯಂತೆ ಕಥೋಲಿಕ ಗುರುಗಳು ನೆರವೇರಿಸಿದ ಮದುವೆಯನ್ನು ಆಯಾ ಧರ್ಮಾಧ್ಯಕ್ಷರು ಗೊತ್ತುಪಡಿಸಿದ ನಮೂನೆಯಲ್ಲಿ ದಾಖಲಿಸಬೇಕು ಮತ್ತು ಮೂರು ತಿಂಗಳಿಗೊಮ್ಮೆ ಜನನ, ಮರಣ ಮತ್ತು ವಿವಾಹಗಳ ಮಹಾ ನೋಂದಣಾಧಿಕಾರಿಗಳಿಗೆ ಅದರ ವಿವರವನ್ನು ಕಳುಹಿಸಬೇಕು. ದಫ್ತರದಿಂದ ತೆಗೆದ ದೃಢೀಕೃತ ಪ್ರತಿಯನ್ನು ಮದುವೆಯ ಸಾಕ್ಷ್ಯವಾಗಿ ಸ್ವೀಕರಿಸತಕ್ಕದ್ದೆಂದು 80ನೆಯ ವಿಧಿ ತಿಳಿಸುತ್ತದೆ.

ಆದ್ದರಿಂದ ಇಗರ್ಜಿಯ ಪುಸ್ತಕವನ್ನು ಕೇವಲ ಭಕ್ತಿಯ ವಸ್ತುವೆಂದು ಭಾವಿಸಲಾಗದು. ಅದನ್ನು ನಾಶಪಡಿಸುವ ಅಥವಾ ಅದರಲ್ಲಿ ಸುಳ್ಳು ದಾಖಲೆ ಸೇರಿಸುವವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ.

ಮೇಲೆ ಹೇಳಿದ ಕುಟುಂಬಕ್ಕೆ ಯಾರೂ ತಿಳಿಸದ ಮಾತೊಂದು 78ನೆಯ ವಿಧಿಯಲ್ಲಿದೆ. ದಾಖಲೆಯಲ್ಲಿ ತಪ್ಪು ಕಂಡುಬಂದರೆ, ಕಂಡ ಒಂದು ತಿಂಗಳೊಳಗೆ ದಂಪತಿಯ ಸಮ್ಮುಖದಲ್ಲಿ ದಫ್ತರದ ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮಾಡಿ, ದಿನಾಂಕ ಹಾಕಬಹುದು. ದಂಪತಿ ಊರಲ್ಲಿಲ್ಲದಿದ್ದರೆ ಇಬ್ಬರು ವಿಶ್ವಾಸಾರ್ಹ ಸಾಕ್ಷಿಗಳಿದ್ದರೆ ಸಾಕು. ಮೂಲ ಬರಹವನ್ನು ಮಾತ್ರ ಮುಟ್ಟಕೂಡದು; ಒರೆಸುವುದಾಗಲಿ, ಬಿಳಿ ಬಣ್ಣ ಬಳಿಯುವುದಾಗಲಿ ಸಲ್ಲದು. ಆದರೆ ಅಂಚಿನ ತಿದ್ದುಪಡಿಗೂ ಆಧಾರ ಬೇಕು. ಹೆಸರುಗಳು ಒಂದೇ ವ್ಯಕ್ತಿಯವು ಎಂಬುದಕ್ಕೆ ಶಾಲೆಯ ಮತ್ತು ಜ್ಞಾನಸ್ನಾನದ ಪತ್ರಗಳನ್ನು ಒದಗಿಸಬೇಕಾದವರು ಮನೆಯವರೇ. ಮದುವೆಗೆ ಮುಂಚೆಯೇ ಅವುಗಳನ್ನು ಒಂದೆಡೆ ಇಟ್ಟು ನೋಡಿದ್ದರೆ ಆ ಮಗು ತಂದೆಯ ಮುಖವನ್ನು ಬೇಗನೆ ಕಾಣುತ್ತಿತ್ತು.

ದಫ್ತರ ಇಡುವ ಕ್ರಮವನ್ನು ನಾವು ಸರ್ಕಾರದಿಂದ ಕಲಿತವರಲ್ಲ. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅನ್ಯಾಯವನ್ನು ಕಂಡು 1563ರಲ್ಲಿ ಟ್ರೆಂಟ್ ಮಹಾಸಭೆಯು ಧರ್ಮಕೇಂದ್ರದ ಗುರುಗಳ ಹಾಗೂ ಸಾಕ್ಷಿಗಳ ಸಮ್ಮುಖದಲ್ಲೇ ಮದುವೆ ನಡೆಯಬೇಕೆಂದೂ, ಅದನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿತು. ಮುಂಚಿತವಾಗಿ ಮೂರು ಬಾರಿ ಪ್ರಕಟಣೆ ಓದುವ ಪದ್ಧತಿಯನ್ನೂ ಅದು ಖಾಯಂಗೊಳಿಸಿತು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾ ಸೀಮೆಯ ಕಥೋಲಿಕರಿಗೆ ದೊಡ್ಡವೀರರಾಜೇಂದ್ರನು ಆಶ್ರಯವಿತ್ತು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯಕ್ಕೆ ಆಸರೆಯಾದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಮನೆಮಠ ಕಳೆದುಕೊಂಡು, ಬಂಧುಗಳಲ್ಲಿ ಯಾರು ಬದುಕಿದ್ದಾರೆ, ಯಾರಿಲ್ಲ ಎಂಬುದೇ ತಿಳಿಯದೆ ಬಂದ ಆ ಜನರಿಗೆ ‘ಇವನು ಯಾರ ಮಗ, ಇವಳಿಗೆ ಹಿಂದೆ ಮದುವೆಯಾಗಿದೆಯೇ’ ಎಂಬ ವಿಚಾರಣೆ ಬರಿಯ ಔಪಚಾರಿಕತೆ ಆಗಿದ್ದಿರಲಾರದು.

ಆ ವಿಚಾರಣೆ ಇಂದಿಗೂ ನಮ್ಮ ಕಾಫಿ ತೋಟಗಳ ನಾಡಿಗೆ ಅವಶ್ಯ. ಲೈನ್ ಮನೆಗಳಲ್ಲಿ ನೆಲೆಸಿರುವ ಎಷ್ಟೋ ಕುಟುಂಬಗಳು ಕೆಲಸವಿದ್ದಲ್ಲಿಗೆ ತೋಟದಿಂದ ತೋಟಕ್ಕೆ ಸಾಗುತ್ತಿರುತ್ತವೆ. ಮಕ್ಕಳ ಜ್ಞಾನಸ್ನಾನ ಒಂದು ಧರ್ಮಕೇಂದ್ರದಲ್ಲಿ, ದೃಢೀಕರಣ ಇನ್ನೊಂದರಲ್ಲಿ, ಮದುವೆಯ ವೇಳೆಗೆ ವಾಸ ಮೂರನೆಯದರಲ್ಲಿ. ಪ್ರಕಟಣೆಯನ್ನು ಕೊಂಕಣಿ ಮನೆಗಳಲ್ಲಿ ‘ಚಿಟಿ’ ಎನ್ನುವರು, ತಮಿಳು ಮನೆಗಳಲ್ಲಿ ‘ಓಲೈ’ ಎನ್ನುವರು, ಮಲಯಾಳಿಗಳು ‘ವಿಳಿಚ್ಚುಚೊಲ್ಲಲ್’ ಎನ್ನುವರು. ಹೆಸರೇನೇ ಇರಲಿ, ಅಡ್ಡಿಯ ಸಂಗತಿ ಬಲ್ಲವರು ಅದನ್ನು ಮದುವೆಗೆ ಮೊದಲೇ ಗುರುಗಳಿಗೆ ತಿಳಿಸಬೇಕೆಂಬುದು ಧರ್ಮಸಭೆಯ ಕಾನೂನಿನ 1069ನೆಯ ವಿಧಿಯು ಎಲ್ಲ ವಿಶ್ವಾಸಿಗಳ ಮೇಲೂ ಹೊರಿಸಿರುವ ಕರ್ತವ್ಯ. ಪ್ರಕಟಣೆ ಓದುವಾಗ ಹಿಂದಿನ ಬೆಂಚುಗಳಲ್ಲಿ ಪಿಸುಮಾತಿಗೆ ತೊಡಗುವವರು ಇದನ್ನು ನೆನೆದರೆ ಒಳಿತು.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಅಲ್ಲಿಯೇ ಮದುವೆಯಾಗಹೊರಟಾಗ ಕ್ರಮ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ವಧೂವರರು ಮೊದಲು ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ ಮದುವೆಯ ಪರವಾನಗಿ ಪಡೆಯಬೇಕು. ಆ ಕಾಗದವನ್ನು ಕೈಗಿತ್ತ ಮೇಲೆಯೇ ಗುರುಗಳು ಮದುವೆ ಮಾಡಿಸಿ, ಸಹಿ ಹಾಕಿ, ಕಚೇರಿಗೆ ಮರಳಿಸುತ್ತಾರೆ. ಪರವಾನಗಿಗೆ ಅವಧಿಯೂ ಉಂಟು: ಕ್ಯಾಲಿಫೋರ್ನಿಯಾದಲ್ಲಿ 90 ದಿನ, ನ್ಯೂಯಾರ್ಕ್ ರಾಜ್ಯದಲ್ಲಿ 60 ದಿನ, ಜೊತೆಗೆ ಸಾಮಾನ್ಯವಾಗಿ ಮೊದಲ 24 ಗಂಟೆ ಕಾಯಬೇಕು. ನಮ್ಮಲ್ಲಿ ಕಥೋಲಿಕ ವಧೂವರರಿಗೆ ಅಂತಹ ಸರ್ಕಾರಿ ಪರವಾನಗಿಯ ಅಗತ್ಯವಿಲ್ಲ. ಬಹುಶಃ ಆ ಸಲೀಸೇ ನಮ್ಮನ್ನು ಅಸಡ್ಡೆಗೆ ದೂಡಿದೆ.

ಇನ್ನು ಸರ್ಕಾರದ ಮೊಹರಿನ ವಿಚಾರ. 2006ರ ಫೆಬ್ರವರಿ 14ರಂದು ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾವ ಧರ್ಮದವರೇ ಆಗಲಿ ಎಲ್ಲರ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಆದೇಶಿಸಿತು. ತ್ಯಜಿಸಲ್ಪಟ್ಟ ಪತ್ನಿಯರು ಮದುವೆಯನ್ನೇ ರುಜುವಾತುಪಡಿಸಲಾರದೆ ಕಂಗೆಡುವ ಪರಿಸ್ಥಿತಿ ತಪ್ಪಲೆಂಬುದು ಅದರ ಹಿಂದಿನ ಕಾಳಜಿ. ಇಗರ್ಜಿಯ ಪತ್ರ ಕಾನೂನಿನ ದೃಷ್ಟಿಯಲ್ಲಿ ಬಲವುಳ್ಳದ್ದೇ ಆದರೂ ಹೊರದೇಶದ ಅಧಿಕಾರಿಗಳು ಸರ್ಕಾರಿ ಪತ್ರವನ್ನೇ ಕೇಳುವ ಸಂದರ್ಭಗಳುಂಟು. ಆಗ ಕೆಲವರು 1954ರ ವಿಶೇಷ ವಿವಾಹ ಕಾಯ್ದೆಯ 15ನೆಯ ವಿಧಿಯಡಿ, ಆಗಲೇ ನಡೆದಿರುವ ಮದುವೆಯನ್ನು ನೋಂದಾಯಿಸಿಕೊಳ್ಳುತ್ತಾರೆ. ಅದಕ್ಕೆ 30 ದಿನಗಳ ಸಾರ್ವಜನಿಕ ನೋಟೀಸು ಇರುವುದರಿಂದ, ಒಂದು ತಿಂಗಳ ರಜೆಯಲ್ಲಿ ಬಂದ ವರನಿಗೆ ಈ ದಾರಿ ಒದಗಿಬರುವುದು ಕಷ್ಟ. ಮತ್ತೊಂದು ತೊಡಕೂ ಇದೆ. ಇಗರ್ಜಿಯಲ್ಲಿ ವಧುವಿಗೆ 18 ತುಂಬಿದ್ದರೆ ಮದುವೆ ಸಾಧ್ಯ. ಈ 15ನೆಯ ವಿಧಿಯ ನೋಂದಣಿಗಾದರೋ ಇಬ್ಬರಿಗೂ 21 ತುಂಬಿರಬೇಕು.

ಮದುವೆ ಗಡಿಯಾಚೆ ನಡೆದರೆ ಲೆಕ್ಕಾಚಾರ ಬೇರೆ. ಕೇರಳದ ಮೂಲದ ನಮ್ಮ ಅನೇಕ ಕುಟುಂಬಗಳ ಸಂಬಂಧಗಳು ಇಂದಿಗೂ ಕಣ್ಣೂರು, ವಯನಾಡು, ಕೋಟ್ಟಯಂ ಕಡೆ ಕುದುರುತ್ತವೆ. 1872ರ ಕಾಯ್ದೆ ಹಳೆಯ ತಿರುವಾಂಕೂರು–ಕೊಚ್ಚಿ ಪ್ರದೇಶಕ್ಕೆ ಅನ್ವಯಿಸುವುದಿಲ್ಲ. ಆದರೆ 2008ರ ನಿಯಮಗಳಂತೆ ಕೇರಳದಲ್ಲಿ ನಡೆಯುವ ಪ್ರತಿಯೊಂದು ಮದುವೆಯನ್ನೂ 45 ದಿನಗಳೊಳಗೆ ಆಯಾ ಪಂಚಾಯತಿ ಅಥವಾ ನಗರಸಭೆಯಲ್ಲಿ ನೋಂದಾಯಿಸಬೇಕು. ಔತಣದ ಮರುದಿನವೇ ಕೊಡಗಿಗೆ ಹಿಂತಿರುಗುವ ಆತುರದಲ್ಲಿ ಇದನ್ನು ಮರೆತವರು ಮತ್ತೆ ಘಟ್ಟವಿಳಿಯಬೇಕಾಗುತ್ತದೆ.

ಅತ್ಯಂತ ಗಂಭೀರವಾದ ಎರಡು ಸಂಗತಿಗಳು ಉಳಿದಿವೆ. ಮೊದಲನೆಯದು ಮಿಶ್ರ ವಿವಾಹ. ಕಥೋಲಿಕ ಹುಡುಗಿಯೊಬ್ಬಳು ಕೊಡವ ಅಥವಾ ಗೌಡ ಮನೆತನದ ಹುಡುಗನನ್ನು ವರಿಸುವುದು ನಮ್ಮ ಜಿಲ್ಲೆಯಲ್ಲಿ ಇಂದು ಅಪರೂಪವಲ್ಲ. ಹಿರಿಯರು ರಾಜಿಯಾಗಿ, ಹುಡುಗನ ಕಡೆಯ ಪದ್ಧತಿಯಂತೆ ಮುಹೂರ್ತ ನಡೆಸಿ ಎಲ್ಲವೂ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಒಬ್ಬರು ಕ್ರೈಸ್ತರಾಗಿದ್ದು, 5ನೆಯ ವಿಧಿಯಲ್ಲಿ ಹೇಳಿದವರ ಮುಂದೆ ನಡೆಯದ ಮದುವೆ 1872ರ ಕಾಯ್ದೆಯಂತೆ ಅಸಿಂಧು. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಲು ಇಬ್ಬರೂ ಹಿಂದೂಗಳಾಗಿರಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟು ಗುಲ್ಲಿಪಿಲ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಉಳಿಯುವ ದಾರಿಗಳು ಎರಡು. ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆದು ಇಗರ್ಜಿಯಲ್ಲಿ ಮದುವೆಯಾಗುವುದು ಒಂದು. ಇದಕ್ಕೆ ಹುಡುಗ ಮತಾಂತರಗೊಳ್ಳಬೇಕಾಗಿಲ್ಲ. ವಿಶೇಷ ವಿವಾಹ ಕಾಯ್ದೆಯಂತೆ ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳೊಡನೆ ಮದುವೆಯಾಗುವುದು ಇನ್ನೊಂದು. ಈ ಎರಡನೆಯ ದಾರಿ ಕಾನೂನಿಗೆ ಸಂಪೂರ್ಣ ಒಪ್ಪಿತ. ಆದರೆ ಅಷ್ಟಕ್ಕೇ ನಿಂತರೆ, ವಿನಾಯಿತಿ ಪಡೆಯದ ಕಥೋಲಿಕರಿಗೆ ಅದು ಸಿಂಧುವಾದ ವಿವಾಹವೆನಿಸದು. ಹಾಗೆ ಮದುವೆಯಾಗಿ, ಸಂಕೋಚದಿಂದ ಇಗರ್ಜಿಗೆ ಬರುವುದನ್ನೇ ಬಿಟ್ಟ ಮಗಳು ಯಾರ ಮನೆಯಲ್ಲಾದರೂ ಇದ್ದರೆ, ಅವಳಿಗೆ ಬಾಗಿಲು ಮುಚ್ಚಿಲ್ಲವೆಂದು ದಯವಿಟ್ಟು ತಿಳಿಸಿರಿ. ಅಂತಹ ಮದುವೆಯನ್ನು ಊರ್ಜಿತಗೊಳಿಸುವ ಸರಳ ಕ್ರಮ ಧರ್ಮಸಭೆಯಲ್ಲಿದೆ. ಅದಕ್ಕೆ ಬೇಕಾದುದು ಧರ್ಮಕೇಂದ್ರದ ಗುರುಗಳೊಡನೆ ಒಂದು ಮಾತುಕತೆ. ಊರಿಗೆಲ್ಲ ಸಾರಬೇಕಾದ ಅಗತ್ಯವಿಲ್ಲ.

ಎರಡನೆಯದು ಮುರಿದುಹೋದ ಮದುವೆಗಳದ್ದು. ಧರ್ಮಸಭೆಯ ನ್ಯಾಯಮಂಡಳಿಯು ಮದುವೆಯನ್ನು ಅಸಿಂಧುವೆಂದು ಘೋಷಿಸಿದರೆ ಆ ವ್ಯಕ್ತಿ ಸರ್ಕಾರದ ದೃಷ್ಟಿಯಲ್ಲೂ ಮುಕ್ತನೆಂದು ಭಾವಿಸುವವರಿದ್ದಾರೆ. 1996ರ ಮಾಲಿ ಜೋಸೆಫ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತ್ತು. ಮಂಗಳೂರಿನ ಹಿರಿಯ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಆ ನಿಲುವು ಬದಲಾಗಬೇಕೆಂದು ಸಲ್ಲಿಸಿದ್ದ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಆದುದರಿಂದ ಮತ್ತೊಮ್ಮೆ ಮದುವೆಯಾಗಬಯಸುವವರ ಕೈಯಲ್ಲಿ ನ್ಯಾಯಮಂಡಳಿಯ ತೀರ್ಪಿನೊಡನೆ ಸಿವಿಲ್ ನ್ಯಾಯಾಲಯದ ಆದೇಶವೂ ಇರಲೇಬೇಕು. ಇಲ್ಲದಿದ್ದಲ್ಲಿ ಅದು ದ್ವಿಪತ್ನಿತ್ವದ ಅಪರಾಧವಾದೀತು; ಏನೂ ಅರಿಯದೆ ಕೈಹಿಡಿದ ಹೆಣ್ಣಿಗೆ ಪತ್ನಿಯ ಸ್ಥಾನವೇ ಸಿಗದೆ ಹೋದೀತು. ಹೆಣ್ಣು ಕೊಡುವ ಮನೆಯವರು ಈ ಎರಡು ಕಾಗದಗಳನ್ನು ಕೇಳುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಮದುವೆ ನಿಶ್ಚಯವಾದ ಮನೆಗಳಲ್ಲಿ ಸಭಾಂಗಣಕ್ಕೆ ಮುಂಗಡ ಕೊಡುವ ವಾರದಲ್ಲೇ ಜ್ಞಾನಸ್ನಾನದ ಹೊಸ ಪ್ರತಿಯನ್ನೂ ತರಿಸಿಕೊಳ್ಳುವುದು ಲೇಸು. ಹೊಸದೇ ಏಕೆಂದು ಹಿರಿಯರು ಗೊಣಗುವುದುಂಟು. ಮೂವತ್ತು ವರ್ಷಗಳ ಹಿಂದಿನ ಪ್ರತಿ ಪೆಟ್ಟಿಗೆಯಲ್ಲಿ ಭದ್ರವಾಗಿದೆಯಲ್ಲ ಎಂಬುದು ಅವರ ವಾದ. ಮದುವೆಯಾದ ಸಂಗತಿಯನ್ನು ಜ್ಞಾನಸ್ನಾನದ ದಫ್ತರದಲ್ಲಿಯೂ ಬರೆಯಬೇಕೆಂಬುದು ಧರ್ಮಸಭೆಯ ನಿಯಮ. ಆದ್ದರಿಂದ ಹೊಸ ಪ್ರತಿ ಮಾತ್ರವೇ ಆ ವ್ಯಕ್ತಿ ಇಂದಿಗೂ ಅವಿವಾಹಿತನೆಂಬುದಕ್ಕೆ ಆಧಾರವಾಗಬಲ್ಲದು. ಮದುವೆ ಬೇರೆ ಊರಿನಲ್ಲಿ ಅಥವಾ ಹೊರದೇಶದಲ್ಲಿ ನಡೆದಿದ್ದರೆ ಅಲ್ಲಿಯ ಗುರುಗಳು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಸೂಚನೆ ಕಳುಹಿಸಬೇಕು. ಆ ಸೂಚನೆ ಬಂದು ತಲುಪಿದೆಯೇ ಎಂದು, ರಜೆಯಲ್ಲಿ ಊರಿಗೆ ಬಂದ ಮಕ್ಕಳು ಭಾನುವಾರದ ಪೂಜೆ ಮುಗಿದ ಮೇಲೆ ಧರ್ಮಕೇಂದ್ರದ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳಬಹುದು.