ಕಪಾಟು ಹಗುರಾದರೆ ಉಸಿರೂ ಹಗುರ

ನಮ್ಮ ನೆರೆಮನೆಯ ಏಳು ವರ್ಷದ ಹುಡುಗಿಗೆ ಮಳೆಗಾಲ ಬಂತೆಂದರೆ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ತಾಯಿ ಅವಳನ್ನು ಎದೆಗೊರಗಿಸಿಕೊಂಡು ಕುಳಿತಿರುವಾಗಲೇ ಸುಬ್‌ಹಿಯ ಬಾಂಗ್ ಕೇಳಿಸುತ್ತಿತ್ತು. ಇನ್‌ಹೇಲರ್ ಬರೆದುಕೊಟ್ಟ ವೈದ್ಯರು ಕೊನೆಗೊಂದು ಪ್ರಶ್ನೆ ಕೇಳಿದರು: "ಮಗು ಮಲಗುವ ಕೋಣೆಯಲ್ಲಿ ಏನೇನು ಇಟ್ಟಿದ್ದೀರಿ?"

ಮನೆಗೆ ಬಂದು ನೋಡಿದರೆ ಆ ಸಣ್ಣ ಕೋಣೆಯಲ್ಲಿ ಬಟ್ಟೆ ತುಂಬಿದ ಎರಡು ಕಪಾಟು, ಮಂಚದಡಿ ಮೂರು ಸೂಟ್‌ಕೇಸ್, ಕಪಾಟಿನ ಮೇಲೆ ಗಲ್ಫ್‌ನಿಂದ ಬಂದ ದಪ್ಪ ಕಂಬಳಿಗಳು, ಹಾಸಿಗೆಯ ಸುತ್ತ ಹತ್ತಾರು ಬಟ್ಟೆ ಗೊಂಬೆಗಳು. ಬಳಸುತ್ತಿದ್ದುದು ಅದರಲ್ಲಿ ಕಾಲು ಭಾಗವೂ ಅಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯೂ ಹೀಗೇ ಅಲ್ಲವೇ?

ಧೂಳಿನೊಳಗಿನ ಜೀವಿಗಳು

ಮನೆಯ ಧೂಳಿನಲ್ಲಿ ಡಸ್ಟ್ ಮೈಟ್ ಎಂಬ, ಬರಿಗಣ್ಣಿಗೆ ಕಾಣದ ಜೀವಿಗಳಿರುತ್ತವೆ. ನಮ್ಮ ದೇಹದಿಂದ ಉದುರುವ ಚರ್ಮದ ಸಣ್ಣ ಚೂರುಗಳೇ ಅವುಗಳ ಆಹಾರ. ಹಾಸಿಗೆ, ದಿಂಬು, ಕಂಬಳಿ, ರತ್ನಗಂಬಳಿ, ಬಟ್ಟೆ ಗೊಂಬೆಗಳು ಅವುಗಳ ಮನೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಅವು ಹೆಚ್ಚುತ್ತವೆ. ಅವುಗಳ ಮಲದ ಕಣಗಳು ಉಸಿರಿನೊಂದಿಗೆ ಒಳಹೋದಾಗ ಅಲರ್ಜಿ ಇರುವವರಲ್ಲಿ ಸೀನು, ಕಣ್ಣುರಿ, ಉಬ್ಬಸ ಕಾಣಿಸಿಕೊಳ್ಳುತ್ತದೆ. ಗಾಳಿಯಾಡದಂತೆ ಬಟ್ಟೆ ತುರುಕಿದ ಕಪಾಟಿನಲ್ಲಿ ಬೂಷ್ಟು ಬೆಳೆಯುತ್ತದೆ. ಅದೂ ಉಸಿರಾಟಕ್ಕೆ ಹಾನಿಕರ.

ವಾಸನೆ ಹೋಗಲೆಂದು ನಾವು ಹಾಕುವ ನ್ಯಾಫ್ತಲೀನ್ ಗುಳಿಗೆಗಳ ಬಗ್ಗೆಯೂ ಎಚ್ಚರ ಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆಗೆ ಕಾರಣವಾಗಬಲ್ಲದು. ಆ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ನವಜಾತ ಶಿಶುವಿಗೆ ತೊಡಿಸಲೇಬಾರದು.

ಹಿತ್ತಲಿಗೂ ಇದೇ ಮಾತು. 'ಮುಂದೆ ಬೇಕಾದೀತು' ಎಂದು ಇಟ್ಟ ಬಕೆಟ್, ಟಯರ್, ಒಡೆದ ಕುಂಡಗಳಲ್ಲಿ ಮಳೆನೀರು ನಿಂತರೆ ಒಂದು ವಾರ, ಹತ್ತು ದಿನದೊಳಗೆ ಡೆಂಗಿ ಹರಡುವ ಸೊಳ್ಳೆಗಳು ಸಿದ್ಧ. ಅವುಗಳ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಇನ್ನು ರಾತ್ರಿ ವುಝೂಗೆಂದು ಏಳುವ ಹಿರಿಯರಿಗೆ ದಾರಿಯಲ್ಲಿಟ್ಟ ಒಂದು ಪೆಟ್ಟಿಗೆ ಸಾಕು, ಎಡವಿ ಬಿದ್ದು ಸೊಂಟದ ಮೂಳೆ ಮುರಿಯಲು.

ನಾವು ಮರೆತ ಪಾಠ

ಮಿನಿಮಲಿಸಂ ಎಂದು ಇಂದು ಜಗತ್ತು ಕರೆಯುವ ಸರಳ ಜೀವನ ನಮಗೆ ಹೊಸತಲ್ಲ. ಉಣ್ಣಿರಿ, ಕುಡಿಯಿರಿ, ಆದರೆ ಮಿತಿ ಮೀರದಿರಿ ಎಂಬುದು ಕುರ್‌ಆನಿನ ಆದೇಶ. ದುಂದುವೆಚ್ಚ ಮಾಡುವವರನ್ನು ಅದು ಶೈತಾನನ ಸಹೋದರರೆಂದು ಕರೆದಿದೆ. ಪ್ರವಾದಿ ಮುಹಮ್ಮದ್(ಸ)ರ ಹಾಸಿಗೆ ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮಲಗುವ ಮುನ್ನ ಹಾಸಿಗೆ ಕೊಡವಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮಂಚದ ತುಂಬ ಸಾಮಾನು ಪೇರಿಸಿಟ್ಟರೆ ಈ ಸುನ್ನತ್ ಪಾಲಿಸುವುದಾದರೂ ಹೇಗೆ?

ಹಾಗೆಂದು ಇದು ಜಿಪುಣತನವಲ್ಲ. ದುಂದೂ ಅಲ್ಲದ, ಜಿಪುಣತನವೂ ಅಲ್ಲದ ಮಧ್ಯಮ ದಾರಿಯೇ ವಿಶ್ವಾಸಿಗಳ ದಾರಿ. ಅತಿಥಿಗೆಂದು ಹಾಸಿಗೆ ಇರಲಿ, ತಾಯಿಯ ನೆನಪಿನ ಒಂದು ಸೀರೆಯೂ ಇರಲಿ. ಅದರ ಹೆಸರಿನಲ್ಲಿ ಮತ್ತೆ ಇಪ್ಪತ್ತು ಬೇಡ.

ಎಲ್ಲಿಂದ ಆರಂಭಿಸುವುದು?

ಇಡೀ ಮನೆಯನ್ನು ಒಂದೇ ದಿನ ಅಗೆದು ಹಾಕಬೇಡಿ. ದಣಿವಾಗಿ ಅರ್ಧಕ್ಕೇ ನಿಂತೀತು. ವಾರಕ್ಕೆ ಒಂದು ಕಪಾಟು ಸಾಕು. ಮೊದಲು ಮಕ್ಕಳ, ವೃದ್ಧರ ಮಲಗುವ ಕೋಣೆಯಿಂದ ಆರಂಭಿಸಿ.

• ಕಳೆದ ಎರಡು ಈದ್‌ಗಳ ನಡುವೆ ಒಮ್ಮೆಯೂ ಉಡದ ಬಟ್ಟೆಯನ್ನು ಬೇರೆ ತೆಗೆದಿಡಿ.

• ಮಗುವಿಗೆ ಪ್ರಿಯವಾದ ಒಂದೆರಡು ಗೊಂಬೆ ಮಾತ್ರ ಹಾಸಿಗೆಯ ಬಳಿ ಇರಲಿ, ಅವನ್ನೂ ಆಗಾಗ ತೊಳೆಯಿರಿ.

• ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಡಸ್ಟ್ ಮೈಟ್ ಸಾಯಲು ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ಇರಬೇಕು. ಒಗೆದದ್ದು ಬಿಸಿಲಿನಲ್ಲಿ ಪೂರ್ಣ ಒಣಗಲಿ.

• ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣ ಪೊರಕೆಯಿಂದ ಧೂಳು ಮತ್ತೆ ಗಾಳಿಗೇರುತ್ತದೆ. ಆ ಹೊತ್ತಿಗೆ ಉಬ್ಬಸವಿರುವ ಮಗು ಹೊರಗಿರಲಿ.

• ಔಷಧಿ ಡಬ್ಬಿಯಲ್ಲಿ ಅವಧಿ ಮುಗಿದದ್ದನ್ನು ಉಳಿಸಬೇಡಿ. ಅವನ್ನು ಯಾರಿಗೂ ದಾನ ಕೊಡಬೇಡಿ.

ತೆಗೆದಿಟ್ಟ ಬಟ್ಟೆಗಳನ್ನು ದಾನ ಮಾಡುವಾಗ ಒಂದು ಮಾತು ನೆನಪಿರಲಿ. ನಮಗೇ ಯಾರಾದರೂ ಕೊಟ್ಟರೆ ಕಣ್ಣುಮುಚ್ಚಿಕೊಂಡು ಪಡೆಯಬೇಕಾದಂಥದ್ದನ್ನು ಕೊಡಬಾರದೆಂದು ಕುರ್‌ಆನ್ ಕಲಿಸುತ್ತದೆ. ಹರಿದದ್ದು ನೆಲ ಒರೆಸಲಿ. ಚೆನ್ನಾಗಿರುವುದನ್ನು ಒಗೆದು, ಇಸ್ತ್ರಿ ಮಾಡಿ ಕೊಡಿ. ನಂತರ ಖಾಲಿಯಾದ ಜಾಗವನ್ನು ಮುಂದಿನ ಸೇಲ್‌ನಲ್ಲಿ ಮತ್ತೆ ತುಂಬಬೇಡಿ. ಒಂದು ಒಳಬರಬೇಕಾದರೆ ಒಂದು ಹೊರಹೋಗಲಿ.

ಮನೆ ಖಾಲಿ ಮಾಡಿದರೆ ಅಸ್ತಮಾ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ವೈದ್ಯರು ಕೊಟ್ಟ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ಕೆರಳಿಸುವ ಕಾರಣಗಳನ್ನು ತಗ್ಗಿಸಿ ಔಷಧಿಗೆ ನೆರವಾಗುವುದಷ್ಟೇ ನಮ್ಮ ಕೈಯಲ್ಲಿದೆ.

ನೆರೆಮನೆಯ ಆ ಕಂಬಳಿಗಳು ಬಿಸಿಲು ಕಂಡು, ತೊಳೆದು, ಒಂದು ಅನಾಥಾಲಯಕ್ಕೆ ಹೋದವು. ಹುಡುಗಿಯ ಕೋಣೆಯಲ್ಲಿ ಈಗ ಒಂದು ಮಂಚ, ಒಂದು ಕಪಾಟು, ಒಂದು ಗೊಂಬೆ. ಕಿಟಕಿಯನ್ನು ಮುಚ್ಚಿದ್ದ ಸಾಮಾನು ಹೋಗಿ ಗಾಳಿ ಬೆಳಕು ಬರುತ್ತಿದೆ. ಇನ್‌ಹೇಲರ್ ಇನ್ನೂ ಇದೆ. ಆದರೆ ಈ ಮಳೆಗಾಲದಲ್ಲಿ ಅವಳು ಬೆಳಗಿನವರೆಗೆ ನಿದ್ರಿಸಿದ ರಾತ್ರಿಗಳೇ ಹೆಚ್ಚು, ಅಲ್‌ಹಮ್ದುಲಿಲ್ಲಾಹ್. ಈಗ ಸುಬ್‌ಹಿಯ ಬಾಂಗ್ ಕೇಳಿಯೇ ತಾಯಿಗೆ ಎಚ್ಚರವಾಗುತ್ತದೆ.