ಆರು ತಿಂಗಳ ಅಜ್ಜ-ಅಜ್ಜಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ತೆಂಗು-ಅಡಿಕೆ ತೋಟ ನೋಡಿಕೊಂಡಿದ್ದ ಹಿರಿಯರು ಮೊಮ್ಮಕ್ಕಳನ್ನು ಕಾಣಲು ಅಮೆರಿಕಕ್ಕೆ ಹೊರಡುವುದು ಈಗ ಹೊಸ ಸುದ್ದಿಯಲ್ಲ. ಆದರೆ ಈ ಭೇಟಿಗೊಂದು ಗಡುವು ಉಂಟು. ವೀಸಾ 10 ವರ್ಷದ್ದಾದರೂ ಒಮ್ಮೆ ಹೋದರೆ ಸಾಮಾನ್ಯವಾಗಿ ಇರಲು ಸಿಗುವುದು 6 ತಿಂಗಳು. ಅದನ್ನು ನಿರ್ಧರಿಸುವವರು ಅಲ್ಲಿ ಇಳಿದಾಗ ಎದುರಾಗುವ ಅಧಿಕಾರಿ. ಕೆನಡಾ ಮಾತ್ರ 2011ರಲ್ಲಿ ಹೆತ್ತವರಿಗೆ, ಅಜ್ಜ-ಅಜ್ಜಿಯರಿಗೆಂದೇ ‘ಸೂಪರ್ ವೀಸಾ’ ತಂದಿತು. 2022ರಿಂದ ಅದರಲ್ಲಿ ಒಮ್ಮೆಗೆ 5 ವರ್ಷ ಇರಬಹುದು.

ನಮ್ಮ ಕಾನೂನು ಇನ್ನೂ ಉದಾರಿ. 2005ರಲ್ಲಿ ಘೋಷಿಸಿದ ಓಸಿಐ ಯೋಜನೆಯ ಕಾರ್ಡು ಪಡೆದ ಮೊಮ್ಮಗು ಅಜ್ಜಿಯ ಮನೆಯಲ್ಲಿ ಎಷ್ಟು ಕಾಲವಾದರೂ ಇರಬಹುದು. ಆದರೆ ಶಾಲೆ ಬಿಡಬೇಕಲ್ಲ!

ಆದ್ದರಿಂದಲೇ ಆ ಆರು ತಿಂಗಳಿಗೆ ಅಷ್ಟು ಬೆಲೆ. ಅಪ್ಪ-ಅಮ್ಮ ಕನ್ನಡದಲ್ಲಿ ಕೇಳಿದರೆ ಮಗು ಇಂಗ್ಲಿಷಿನಲ್ಲಿ ಉತ್ತರಿಸಿ ಪಾರಾಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯ ಬಳಿ ಅದು ನಡೆಯದು. ಇನ್ನೊಂದು ದೋಸೆ ಬೇಕಾದರೆ ಕನ್ನಡದಲ್ಲೇ ಕೇಳಬೇಕು. ಅಜ್ಜಂಪುರದ ಅಮೃತಮಹಲ್ ದನದ ಉದ್ದ ಕೊಂಬು ತೋರಿಸಲು ಅಜ್ಜ ಎರಡೂ ಕೈ ಮೇಲೆತ್ತಿದರೆ, ‘ಕೊಂಬು’ ಎಂಬ ಮಾತು ಮಗುವಿನ ಬಾಯಿಗೆ ಬರುತ್ತದೆ.

ಊರಿಗೆ ಮರಳಿದ ಮೇಲೆ ಉಳಿಯುವುದು ಫೋನಿನ ಪರದೆ. ಅದರಲ್ಲಿ ಮಗು ‘ಊಟ ಆಯ್ತಾ ಅಜ್ಜಿ?’ ಎಂದು ಕೇಳಿದರೆ ಹೋಗಿ ಬಂದದ್ದು ಸಾರ್ಥಕ.