ಮಗಳ ಹ್ಯಾಮಕ್ಕೂ ನಾಲ್ಕಿಂಚಿನ ಗೋಡೆಯೂ

ಒಂಬತ್ತನೇ ಕ್ಲಾಸಿನ ಮಗಳು ತನ್ನ ಕೋಣೆಯಲ್ಲಿ ಹ್ಯಾಮಕ್ ಕಟ್ಟಿಸಿಕೊಡಿ ಎಂದು ಹಟ ಹಿಡಿದರೆ ಮನೆಯಲ್ಲಿ ಏಳುವ ತಕರಾರು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಅಮ್ಮನಿಗೆ ಬೆನ್ನಿನ ಚಿಂತೆ, ಅಪ್ಪನಿಗೆ ಗೋಡೆಯ ಬಣ್ಣದ ಚಿಂತೆ, ಅಜ್ಜಿಗೆ ಹುಡುಗಿ ಇನ್ನು ಬೆಳಗ್ಗೆ ಏಳುವುದೇ ಇಲ್ಲವಲ್ಲ ಎಂಬ ಚಿಂತೆ. ಮಗಳ ಬತ್ತಳಿಕೆಯಲ್ಲಿ ಎರಡು ಬಾಣ. "ಅಜ್ಜನ ಮನೇಲಿ ತೂಗುಮಂಚ ಇರ್ಲಿಲ್ವಾ ಅಪ್ಪ?" ಎನ್ನುವುದೊಂದು. "ತೂಗಿದ್ರೆ ಒಳ್ಳೇ ನಿದ್ದೆ ಬರುತ್ತಂತೆ, ವಿಜ್ಞಾನಿಗಳೇ ಹೇಳಿದ್ದಾರೆ" ಎನ್ನುವುದಿನ್ನೊಂದು. ಮೊದಲನೆಯದು ಭೌತಶಾಸ್ತ್ರದ ಮುಂದೆ ನಿಲ್ಲುವುದಿಲ್ಲ, ಎರಡನೆಯದು ಅರ್ಧ ನಿಜ. ಆದರೂ ಹ್ಯಾಮಕ್ ಕೊಡಿಸಿ ಎಂದೇ ನಾನು ಹೇಳುವುದು, ಕಟ್ಟುವ ಮೊದಲು ಹಗ್ಗದ ಕೋನ ಅಳೆಯುವುದಾದರೆ.

ಅಜ್ಜನ ಮನೆಯ ತೂಗುಮಂಚವನ್ನು ನೆನಪಿಸಿಕೊಳ್ಳಿ. ತೊಲೆಯಿಂದ ನಾಲ್ಕು ಸರಪಳಿಗಳು ನೇರ ಕೆಳಗಿಳಿದಿರುತ್ತವೆ. ಮೇಲೆ ಕೂತವರ ತೂಕವನ್ನೂ ಹಲಗೆಯ ತೂಕವನ್ನೂ ಆ ನಾಲ್ಕೂ ಹಂಚಿಕೊಂಡು ಹೊರುತ್ತವೆ. ಎಳೆತವೆಲ್ಲ ಕೆಳಮುಖ. ತೊಲೆ ಇರುವುದೇ ಸೂರಿನ ಭಾರ ಹೊರಲು. ಇನ್ನಿಬ್ಬರ ಭಾರ ಅದಕ್ಕೆ ಹೆಚ್ಚೇನಲ್ಲ. ಹ್ಯಾಮಕ್ಕಿನ ಹಗ್ಗವಾದರೋ ಓರೆ. ಅದು ಕೆಳಕ್ಕೆ ಎಳೆಯುವುದರ ಜೊತೆಗೆ ಎರಡು ಗೋಡೆಗಳನ್ನೂ ಒಳಕ್ಕೆ ಎಳೆಯುತ್ತದೆ. ಗೋಡೆಗೆ ಇಂಥ ಎಳೆತದ ಅಭ್ಯಾಸವಿಲ್ಲ.

ನಂಬಿಕೆ ಬರದಿದ್ದರೆ ಮಗಳ ಸ್ಕೂಲ್ ಬ್ಯಾಗನ್ನೇ ತನ್ನಿ. ಉದ್ದನೆಯ ಹಗ್ಗದ ನಡುವೆ ಅದನ್ನು ನೇತುಹಾಕಿ, ಒಂದು ತುದಿ ಅಪ್ಪ, ಇನ್ನೊಂದು ತುದಿ ಮಗಳು ಹಿಡಿದು ನಿಲ್ಲಿ. ಹಗ್ಗ ಚೆನ್ನಾಗಿ ಜೋತುಬಿದ್ದಿರುವಾಗ ಇಬ್ಬರಿಗೂ ಆರಾಮ. ಈಗ ಹಿಂದೆ ಹಿಂದೆ ಸರಿಯುತ್ತ ಹಗ್ಗವನ್ನು ನೆಟ್ಟಗೆ ಮಾಡಲು ನೋಡಿ. ಬ್ಯಾಗು ಒಂದೊಂದು ಇಂಚು ಮೇಲೇರಿದಂತೆಲ್ಲ ಕೈ ಸೋಲುತ್ತ ಬರುತ್ತದೆ. ಐದು ಕಿಲೋ ಬ್ಯಾಗಿಗೆ, ಹಗ್ಗ ಅಡ್ಡಮಟ್ಟಕ್ಕಿಂತ ಐದು ಡಿಗ್ರಿಯಷ್ಟೇ ಇಳಿಜಾರಾಗಿರುವಾಗ, ಒಬ್ಬೊಬ್ಬರೂ ಸುಮಾರು 29 ಕಿಲೋ ತೂಕದಷ್ಟು ಜೋರಾಗಿ ಎಳೆಯುತ್ತಿರಬೇಕು. ಪೂರ್ತಿ ನೆಟ್ಟಗೆ ಮಾಡಲು ಮಾತ್ರ ಇಬ್ಬರು ಪೈಲ್ವಾನರಿಂದಲೂ ಆಗದು. ಅಡ್ಡ ಹಗ್ಗಕ್ಕೆ ಮೇಲಕ್ಕೆತ್ತುವ ಬಲವೇ ಇರುವುದಿಲ್ಲ. ಕೊಂಚವಾದರೂ ಓರೆಯಾದರೆ ತಾನೇ ಅದು ಬ್ಯಾಗನ್ನು ಹೊರುವುದು?

ಲೆಕ್ಕ ಹೈಸ್ಕೂಲಿನದೇ. ತೂಕದ ಅರ್ಧವನ್ನು ಕೋನದ ಸೈನ್‌ನಿಂದ ಭಾಗಿಸಿದರೆ ಹಗ್ಗದ ಎಳೆತ ಸಿಗುತ್ತದೆ. ಮಗಳು 60 ಕಿಲೋ ಇದ್ದಾಳೆನ್ನಿ. ಹಗ್ಗ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಕೊಕ್ಕೆಗೂ 60 ಕಿಲೋ ಎಳೆತ, ಅದರಲ್ಲಿ ಗೋಡೆಯನ್ನು ಒಳಕ್ಕೆ ಎಳೆಯುವ ಪಾಲು 52. ಹತ್ತೇ ಡಿಗ್ರಿಗೆ ಬಿಗಿದು ಕಟ್ಟಿದಿರೋ, ಎಳೆತ 173 ಕಿಲೋ, ಹೆಚ್ಚುಕಡಿಮೆ ಅಷ್ಟೂ ಗೋಡೆಯನ್ನು ಕೀಳುವ ದಿಕ್ಕಿಗೇ. ಇದು ಅಲುಗಾಡದೆ ಮಲಗಿದ್ದಾಗಿನ ಮಾತು. ಶಾಲೆಯಿಂದ ಬಂದವಳೇ ದೊಪ್ಪನೆ ಬಿದ್ದಳೆಂದರೆ ಆ ಕ್ಷಣಕ್ಕೆ ಇದರ ಎರಡು ಪಟ್ಟು ದಾಟಬಹುದು. ಮಂಚದಂತೆ ಸಮತಟ್ಟಾಗಲಿ ಎಂದು ಹಗ್ಗ ಬಿಗಿಯುವುದು ಎಲ್ಲರಿಗೂ ತೋಚುವ ಉಪಾಯ. ಕೊಕ್ಕೆ ಕಿತ್ತುಬರುವುದೂ ಅದರಿಂದಲೇ.

ಇನ್ನು ಗೋಡೆ. ನಮ್ಮ ಫ್ಲಾಟುಗಳಲ್ಲಿ ಕೋಣೆ ಕೋಣೆಗಳ ನಡುವಿನದು ಹೆಚ್ಚಾಗಿ ನಾಲ್ಕಿಂಚಿನ ಪಾರ್ಟಿಷನ್ ಗೋಡೆ. ಇಟ್ಟಿಗೆಯದೋ, ಹಾಲೋ ಬ್ಲಾಕಿನದೋ, ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕಿನದೋ ಇರುತ್ತದೆ. ಅದರ ಕೆಲಸ ಮರೆ ಮಾಡುವುದು, ಮನೆ ಹೊರುವುದಲ್ಲ. ಫೋಟೋ ಹಾಕುವ ಪ್ಲಾಸ್ಟಿಕ್ ಪ್ಲಗ್ಗಿಗೆ ಸ್ಕ್ರೂ ತಿರುಪಿ ಹ್ಯಾಮಕ್ ಕಟ್ಟಿದರೆ ಪ್ಲಗ್ ಕಿತ್ತುಬರುವುದು ಅದೃಷ್ಟ, ಇಟ್ಟಿಗೆ ಸಮೇತ ಬರುವುದು ದುರದೃಷ್ಟ. ಅಮೆರಿಕದಲ್ಲಿ ಹ್ಯಾಮಕ್ ಕಟ್ಟಿದ ಇಟ್ಟಿಗೆ ಕಂಬವೇ ಮೈಮೇಲೆ ಉರುಳಿ ಮಕ್ಕಳು ಸತ್ತದ್ದುಂಟು. ಫ್ಯಾನಿನ ಹುಕ್ಕಂತೂ ಬೇಡವೇ ಬೇಡ. ಅದು ನಾಲ್ಕೈದು ಕಿಲೋದ ಫ್ಯಾನು ನೇತುಹಾಕಲು ಇಟ್ಟದ್ದು. ಕಟ್ಟುವುದಾದರೆ ಕಾಂಕ್ರೀಟ್ ಪಿಲ್ಲರಿಗೆ, ಅದೂ ಎಂಜಿನಿಯರನ್ನೋ ಅನುಭವಿ ಮೇಸ್ತ್ರಿಯನ್ನೋ ಕೇಳಿ, ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿಸಿ. ಬಾಡಿಗೆ ಮನೆಯಾದರೆ ಓನರಿನ ಮುಖ ನೆನಪಿಗೆ ಬಂದೀತು. ಅಂಥವರಿಗೆ ಕಬ್ಬಿಣದ ಸ್ಟ್ಯಾಂಡ್ ಇದೆ. ಆ ಒಳ ಎಳೆತವನ್ನು ಸ್ಟ್ಯಾಂಡಿನ ಕಬ್ಬಿಣವೇ ನುಂಗಿಕೊಳ್ಳುತ್ತದೆ, ನೆಲಕ್ಕೆ ತಲುಪುವುದು ಮಗಳ ತೂಕ ಮತ್ತು ಸ್ಟ್ಯಾಂಡಿನ ತೂಕ ಮಾತ್ರ. ಅರ್ಧ ಕೋಣೆ ಅದಕ್ಕೇ ಹೋಗುತ್ತದೆ ಎನ್ನುವುದೊಂದೇ ತೊಡಕು.

ಈಗ ನಿದ್ದೆಯ ವಿಚಾರ. ಮಗಳು ಹೇಳುವ ಪ್ರಯೋಗ ಸುಳ್ಳಲ್ಲ. ಜಿನೀವಾ ವಿಶ್ವವಿದ್ಯಾಲಯದ ಸೋಫಿ ಶ್ವಾರ್ಟ್ಸ್, ಲಾರೆನ್ಸ್ ಬೇಯರ್ ಮತ್ತು ಸಂಗಡಿಗರು 2011ರಲ್ಲಿ 12 ಮಂದಿಯನ್ನು ಮಧ್ಯಾಹ್ನ 45 ನಿಮಿಷ ಮಲಗಿಸಿದರು, ಒಮ್ಮೆ ನಿಂತ ಮಂಚದಲ್ಲಿ, ಒಮ್ಮೆ ತೂಗುವ ಮಂಚದಲ್ಲಿ. ತೂಗಿದಾಗ ಬೇಗ ಜೋಂಪು ಹತ್ತಿತು. ಮಿದುಳಿನ ಅಲೆಗಳ ನಕ್ಷೆಯಲ್ಲಿ, ಗಟ್ಟಿ ನಿದ್ದೆಗೆ ಇಳಿಯುವಾಗ ಕಾಣುವ ಕ್ಷಿಪ್ರ ಕಂಪನಗಳು ಹೆಚ್ಚಿದವು. 2019ರಲ್ಲಿ 18 ಮಂದಿಯನ್ನು ರಾತ್ರಿಯಿಡೀ ತೂಗಿ ನೋಡಿದಾಗ ಗಾಢನಿದ್ದೆಯೂ ಜಾಸ್ತಿಯಾಯಿತು. ಹಿಂದಿನ ಸಂಜೆ ಕಲಿತ ಪದಗಳೂ ಬೆಳಗ್ಗೆ ಹೆಚ್ಚು ನೆನಪಿದ್ದವು. ಅದೇ ಹೊತ್ತಿಗೆ ಲೊಸಾನ್ ವಿಶ್ವವಿದ್ಯಾಲಯದವರು ಇಲಿಗಳನ್ನು ತೂಗಿದರು. ನಮ್ಮ ಒಳಗಿವಿಯಲ್ಲಿ ಸುಣ್ಣದ ಅತಿಸಣ್ಣ ಹರಳುಗಳಿವೆ. ತಲೆ ಅತ್ತಿತ್ತ ಸರಿದರೆ ಅವು ಹಿಂದುಳಿದು ಸಂವೇದಕ ಕೋಶಗಳ ಕೂದಲಿನಂಥ ಎಳೆಗಳನ್ನು ಬಾಗಿಸುತ್ತವೆ, ಚಲನೆಯ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಈ ಹರಳಿನ ವ್ಯವಸ್ಥೆ ಇಲ್ಲದೆ ಹುಟ್ಟಿದ ಇಲಿಗಳಿಗೆ ಎಷ್ಟು ತೂಗಿದರೂ ಲಾಭವಾಗಲಿಲ್ಲ. ನಿದ್ದೆ ತರಿಸುವುದು ಹಾಸಿಗೆಯ ಮೆದುತನವಲ್ಲ, ಕಿವಿಯೊಳಗಿನ ಈ ಸುದ್ದಿ.

ಇಲ್ಲೇ ಮಗಳ ವಾದಕ್ಕೊಂದು ತೂತು. ಜಿನೀವಾದ ಮಂಚ ಒಮ್ಮೆ ಹೋಗಿ ಬರಲು ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಲೋಲಕದ ಉದ್ದ ಒಂದು ಮೀಟರ್ ಇದ್ದರೆ ಆಂದೋಲನಕ್ಕೆ ಎರಡು ಸೆಕೆಂಡು. ನಾಲ್ಕು ಸೆಕೆಂಡು ಬೇಕಾದರೆ ನಾಲ್ಕು ಮೀಟರ್ ಉದ್ದ ಬೇಕು. ಕೋಣೆಯ ಹ್ಯಾಮಕ್ಕಿನಲ್ಲಿ ಮೈ ಕೊಕ್ಕೆಗಳ ಮಟ್ಟಕ್ಕಿಂತ ಒಂದು ಮೀಟರ್ ಆಸುಪಾಸು ಕೆಳಗಿರುತ್ತದೆ. ಎಂದರೆ ಅದು ತೂಗುವುದು ಪ್ರಯೋಗದ ಎರಡು ಪಟ್ಟು ವೇಗದಲ್ಲಿ. ಅಲ್ಲದೆ ಲ್ಯಾಬಿನ ಮಂಚವನ್ನು ಮೋಟಾರು ರಾತ್ರಿಯಿಡೀ ತೂಗುತ್ತಿತ್ತು. ಮನೆಯದು ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ, ಮತ್ತೆ ತೂಗಲು ಅಜ್ಜಿಯನ್ನು ಕರೆಯುವ ವಯಸ್ಸಲ್ಲ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಒಸರುವ ಹೊತ್ತೇ ತಡವಾಗುತ್ತದೆ. ಮೇಲೆ ಮೊಬೈಲು ಬೇರೆ. ಅದಕ್ಕೆ ಹ್ಯಾಮಕ್ ಮದ್ದಲ್ಲ.

ಹಾಗಾದರೆ ಅಮ್ಮನ ಬೆನ್ನಿನ ಚಿಂತೆ? ಮೆಕ್ಸಿಕೋದ ಯುಕಟಾನ್‌ನಲ್ಲಿ ಮಲಗುವ ಕೋಣೆಯ ಗೋಡೆಗೇ ಹ್ಯಾಮಕ್ಕಿನ ಕೊಕ್ಕೆ ಕೂಡಿಸಿರುತ್ತಾರೆ, ಎಳೆಮಕ್ಕಳಿಂದ ಮುದುಕರವರೆಗೆ ಅದರಲ್ಲೇ ನಿದ್ದೆ. ಅವರು ಮಲಗುವ ರೀತಿ ನೋಡಿ ಕಲಿಯಬೇಕು. ಉದ್ದುದ್ದಕ್ಕೆ ಮಲಗಿದರೆ ಮೈ ಬಿಲ್ಲಿನಂತೆ ಬಾಗುತ್ತದೆ. ತಲೆ ಒಂದು ಅಂಚಿಗೆ, ಕಾಲು ಎದುರಂಚಿಗೆ ಬರುವಂತೆ ಓರೆಯಾಗಿ ಮಲಗಿದರೆ ಬಟ್ಟೆ ಅಗಲಕ್ಕೆ ಬಿಚ್ಚಿಕೊಂಡು ಬೆನ್ನು ಬಹುಪಾಲು ಸಮವಾಗುತ್ತದೆ. ಇದಕ್ಕೆ ಬಟ್ಟೆ ಅಗಲವಾಗಿರಬೇಕು, ಜೋತೂ ಬಿದ್ದಿರಬೇಕು. 30 ಡಿಗ್ರಿ ಗೋಡೆಗೂ ಹಿತ, ಬೆನ್ನಿಗೂ ಹಿತ. ಎರಡು ತುದಿಗೆ ಮರದ ಅಡ್ಡಪಟ್ಟಿ ಇರುವ ಹ್ಯಾಮಕ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಮೈ ಹಗ್ಗದ ಮಟ್ಟಕ್ಕೇ ಏರಿ ಕೂತಿರುವುದರಿಂದ ಮಗ್ಗುಲಾದರೆ ಮಗುಚಿಕೊಳ್ಳುತ್ತದೆ. ತೆಳು ನೈಲಾನ್ ಬಲೆಯದನ್ನು ಮನೆಗೇ ತರಬೇಡಿ; ಅಂಥವು ಕುತ್ತಿಗೆಗೆ ಸುತ್ತಿಕೊಂಡು ಮಕ್ಕಳು ಸತ್ತ ಮೇಲೆ ಅಮೆರಿಕದಲ್ಲಿ 1996ರಲ್ಲಿ ಲಕ್ಷಗಟ್ಟಲೆ ವಾಪಸ್ ಪಡೆದರು. ಗಟ್ಟಿ ಹತ್ತಿಬಟ್ಟೆಯದೇ ಆಗಬೇಕು.

ಒಪ್ಪಿಗೆ ಕೊಡುವ ಮುಂಚೆ ಮಗಳಿಗೊಂದು ಲೆಕ್ಕ ಕೊಡಿ. ಎರಡು ಪಿಲ್ಲರುಗಳ ನಡುವಿನ ಅಂತರ ಅಳೆದು, ಅದರ ಅರ್ಧವನ್ನು 0.58ರಿಂದ ಗುಣಿಸಿ, ಕೂರುವ ಎತ್ತರ ಸೇರಿಸಲಿ. ಹನ್ನೆರಡು ಅಡಿ ಅಂತರಕ್ಕೆ, ಒಂದೂವರೆ ಅಡಿ ಎತ್ತರದಲ್ಲಿ ಕೂರಲು, ಕೊಕ್ಕೆ ಸುಮಾರು ಐದಡಿಯಲ್ಲಿ ಬರಬೇಕು. ಕಟ್ಟಿದ ಮೇಲೆ ಹಗ್ಗದ ಕೋನವನ್ನು ಕಂಪಾಸ್ ಬಾಕ್ಸಿನ ಕೋನಮಾಪಕದಿಂದ ಅವಳೇ ತೋರಿಸಲಿ, ತಿಂಗಳಿಗೊಮ್ಮೆ ಗಂಟೂ ಬೋಲ್ಟೂ ಅವಳೇ ನೋಡಲಿ. ಇಷ್ಟು ಮಾಡಿದವಳಿಗೆ ಬೇಡವೆನ್ನಲು ನನಗಂತೂ ಕಾರಣ ಕಾಣುವುದಿಲ್ಲ. ಮಂಚ ಮಾರುವ ಮಾತು ಮಾತ್ರ ಸದ್ಯಕ್ಕೆ ಬೇಡ.